ಮದರಸದ ಮುಂದಿನ ಹಂಪ್ಸ್ ಮತ್ತು ಎಂಜಿನಿಯರರ ಸಂಘ

2008ರಲ್ಲಿ ನಾನು ಒಂದು ವರ್ಷ ಚಿನ್ನಾಳಪಟ್ಟಿಯಲ್ಲಿದ್ದೆ. ತಮಿಳುನಾಡಿನ ದಿಂಡಿಗಲ್‌ನಿಂದ ಮದುರೆ ಕಡೆಗೆ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ ಸಿಗುವ ನೇಕಾರರ ಊರು ಅದು, ಸುಂಗುಡಿ ಸೀರೆಗೆ ಹೆಸರಾದದ್ದು. ಸಿವಿಲ್ ಡಿಪ್ಲೊಮಾ ಮುಗಿಸಿದ್ದ ನನಗೆ ರಸ್ತೆ ಕೆಲಸದ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಸೂಪರ್‌ವೈಸರ್ ಕೆಲಸ ಸಿಕ್ಕಿತ್ತು. ತಮಿಳು ಬಾರದೆ ಏನು ಮಾಡುವುದು ಎಂದು ಹೆದರಿಕೊಂಡೇ ಹೋದೆ. ನೋಡಿದರೆ, ಬಾಡಿಗೆಗೆ ಕೋಣೆ ಕೊಟ್ಟ ಮನೆಯವರು ಮಾತಾಡಿದ್ದು ಕನ್ನಡ! ಅವರು ದೇವಾಂಗ ನೇಕಾರರು. ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಓದು ಬರಹಕ್ಕೆ ತಮಿಳು. ಮನೆಯಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ನನಗೆ ಈ ಸಂಸಾರ ಹೊಸದೆನಿಸಲಿಲ್ಲ.

ಆ ಮನೆಯ ಅಜ್ಜಿ ಒಂದು ದಿನ ಕೇಳಿದರು, "ತಮ್ಮಾ, ಈ ರೋಡು ಹಾಕೋರು ಯಾರೂ ನಡೆಯೋದಿಲ್ವಾ?"

ಅವರು ಕೇಳಿದ್ದು ಹೆದ್ದಾರಿಯ ಬಗ್ಗೆ. ಆಗ ಅದರ ಸಂಖ್ಯೆ 7, ಈಗ 44, ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆ. ಹೆದ್ದಾರಿಯಲ್ಲಿ ಹೋಗುವ ಬಸ್ಸು ಹಿಡಿಯಬೇಕಾದರೆ ದಿಂಡಿಗಲ್‌ಗೆ ಒಂದು ಬದಿ, ಮದುರೆಗೆ ಇನ್ನೊಂದು ಬದಿ. ಹೋಗುವಾಗಲೋ ಬರುವಾಗಲೋ ಒಮ್ಮೆ ದಾಟಲೇಬೇಕು. ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಬದಿಯ ಎರಡು ಲೇನ್ ಎಂದರೆ 7 ಮೀಟರ್. ಅಜ್ಜಿ ಸೆಕೆಂಡಿಗೆ ಒಂದು ಮೀಟರ್ ನಡೆದರೆ ಹೆಚ್ಚು, ಅಂದರೆ ಏಳು ಸೆಕೆಂಡು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿ ಅಷ್ಟರಲ್ಲಿ 155 ಮೀಟರ್ ಮುಂದೆ ಬಂದಿರುತ್ತದೆ. ಅಷ್ಟು ದೂರದ ಲಾರಿಯ ವೇಗವನ್ನು ಅಜ್ಜಿಯ ಕಣ್ಣು ಅಂದಾಜು ಮಾಡೀತೇ? ಮರುದಿನ ಮೇಲಿನವರಿಗೆ ಹೇಳಿದೆ. "ಡ್ರಾಯಿಂಗ್‌ನಲ್ಲಿ ಇದ್ದಷ್ಟೇ ನಮ್ಮ ಕೆಲಸ" ಎಂದರು.

ಸೈಟ್ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಕೆಲವು ಪುಸ್ತಕಗಳಿದ್ದವು. ಎಲ್ಲದರ ಮೇಲೂ ಒಂದೇ ಹೆಸರು: ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದು ಸರಕಾರದ ಇಲಾಖೆ ಎಂದೇ ನಾನು ತಿಳಿದಿದ್ದೆ. ಅಲ್ಲ, ಅದು ರಸ್ತೆ ಎಂಜಿನಿಯರರ ಸಂಘ. 1927ರಲ್ಲಿ ಎಂ. ಆರ್. ಜಯಕರ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಸಲಹೆಯಿಂದ ಹುಟ್ಟಿ, 1934ರ ಡಿಸೆಂಬರಿನಲ್ಲಿ ಮೊದಲು ಸಭೆ ಸೇರಿ, 1937ರಲ್ಲಿ ಸೊಸೈಟಿಯಾಗಿ ನೋಂದಣಿಯಾದದ್ದು. ನಮ್ಮ ಜಮಾಅತ್ ಕಮಿಟಿ, ಯೂತ್ ಕಮಿಟಿಗಳು ನೋಂದಣಿಯಾಗುವ ಹಾಗೆಯೇ! ಇಲಾಖೆಗಳ ಎಂಜಿನಿಯರರು, ಪ್ರಾಧ್ಯಾಪಕರು, ಕಂಪೆನಿಗಳವರು ಅದರ ಸದಸ್ಯರು. ಅವರ ಸಮಿತಿಗಳು ಕೂತು ಬರೆದದ್ದೇ ರಸ್ತೆಯ ಅಗಲ, ತಿರುವಿನ ಓರೆ, ಬಿಳಿ ಪಟ್ಟಿಯ ಅಳತೆ, ಬೋರ್ಡಿನ ಬಣ್ಣ. ಗುತ್ತಿಗೆಯ ಕರಾರಿನಲ್ಲಿ "ಈ ಕೋಡ್ ಪ್ರಕಾರ" ಎಂದು ಬರೆದ ಕೂಡಲೇ ಆ ಸಂಘದ ಮಾತು ಗುತ್ತಿಗೆದಾರನನ್ನು ಕಟ್ಟಿಹಾಕುತ್ತದೆ.

ಇನ್ನೊಂದು ಸಂಘದ ಋಣ ನನ್ನ ಮೇಲೆ ನೇರವಾಗಿಯೇ ಇದೆ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1920ರಲ್ಲಿ ಶುರುವಾದದ್ದು. ಅದು ನಡೆಸುವ ಎ.ಎಂ.ಐ.ಇ. ಪರೀಕ್ಷೆಯನ್ನು ಹಗಲು ದುಡಿದು ರಾತ್ರಿ ಓದುವವರೂ ಬರೆಯಬಹುದಿತ್ತು. ಉಪ್ಪನಿಗೆ ನನ್ನನ್ನು ಬಿ.ಇ. ಓದಿಸುವ ತಾಕತ್ತಿರಲಿಲ್ಲ. ಕೆಳಗೆ ಮಗ್ಗದ ಸದ್ದು, ಮೇಲಿನ ಕೋಣೆಯಲ್ಲಿ ನನ್ನ ಓದು. 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ ಅದು ಪದವಿಗೆ ಸಮ. ನಾನು ಆ ಲೆಕ್ಕದಲ್ಲಿ ಎಂಜಿನಿಯರ್ ಆದವನು. ಆಮೇಲಿನವರಿಗೆ ಆ ಮಾನ್ಯತೆ ಇಲ್ಲ. ನನ್ನಂಥ ಮನೆಯ ಎಷ್ಟೋ ಹುಡುಗರಿಗೆ ಒಂದು ಬಾಗಿಲು ಮುಚ್ಚಿದಂತಾಯಿತು.

ಇಷ್ಟು ಕಲಿತವನು ಊರಿನಲ್ಲಿ ಏನು ಮಾಡಿದೆ? ಅದನ್ನು ಹೇಳಲೆಂದೇ ಈ ಲೇಖನ.

2011ರಲ್ಲಿ ರಜೆಗೆ ಊರಿಗೆ ಬಂದಿದ್ದೆ. ನಮ್ಮದು ಬಂಟ್ವಾಳ ತಾಲೂಕಿನ ಒಂದು ಸಣ್ಣ ಊರು. ಮದರಸದ ಮುಂದೆ ಒಂದು ಮಗುವಿಗೆ ಬೈಕ್ ತಾಗಿತ್ತು. ಅಲ್ಲಾಹನ ದಯೆಯಿಂದ ಕಾಲಿನ ಪೆಟ್ಟಿನಲ್ಲಿ ಮುಗಿಯಿತು. ಜುಮಾ ಕಳೆದು ಎಲ್ಲರೂ ಸೇರಿದರು. ಮಗುವಿನ ತಂದೆ ಅಳುತ್ತಿದ್ದರು. ಒಬ್ಬರು ಸಿಮೆಂಟ್ ತಮ್ಮದು ಎಂದರು, ಇನ್ನೊಬ್ಬರು ಜಲ್ಲಿ ತಮ್ಮದು ಎಂದರು. ಸಂಜೆಯೊಳಗೆ ಪಂಚಾಯತ್ ರಸ್ತೆಗೆ ಅಡ್ಡವಾಗಿ ಒಂದು ಹಂಪ್ಸ್ ಎದ್ದಿತು. ಅಗಲ ಒಂದು ಅಡಿ, ಎತ್ತರ ಮುಕ್ಕಾಲು ಅಡಿ. ಬಣ್ಣ ಇಲ್ಲ, ಬೋರ್ಡಿಲ್ಲ, ಹತ್ತಿರ ಬೀದಿದೀಪವೂ ಇಲ್ಲ.

ಅದು ತಪ್ಪೆಂದು ನನಗೆ ಗೊತ್ತಿತ್ತು. ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪ್ಸ್‌ಗೆಂದು ಒಂದು ಸಣ್ಣ ಪುಸ್ತಕ ತಂದಿದೆ, ಸಂಖ್ಯೆ 99. ಉಬ್ಬು 3.7 ಮೀಟರ್ ಅಗಲ, ಹತ್ತೇ ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬಂದವನು ಮೆಲ್ಲಗೆ ಏರಿ ಇಳಿಯಬೇಕು. ಕಪ್ಪು ಬಿಳಿ ಪಟ್ಟಿ ಬಳಿಯಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್ ಇರಬೇಕು. ನಾವು ಹಾಕಿದ್ದು ಒಂದು ಗೋಡೆ. ಆ ಸಭೆಯಲ್ಲಿ ರಸ್ತೆ ಕೆಲಸ ಗೊತ್ತಿದ್ದವನು ನಾನೊಬ್ಬನೇ. ಅಳುವ ತಂದೆಯ ಮುಂದೆ ಅಳತೆ ಮಾತಾಡುವುದು ಹೇಗೆ ಎಂದು ಬಾಯಿ ಮುಚ್ಚಿ ಕೂತೆ.

ಎರಡು ತಿಂಗಳ ಮೇಲೆ, ಮಳೆ ರಾತ್ರಿ, ಇಶಾ ನಮಾಝ್ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದ ನನ್ನ ಮಾಮ ಅದೇ ಹಂಪ್ಸ್‌ಗೆ ಬಿದ್ದರು. ಹನ್ನೊಂದು ದಿನ ಆಸ್ಪತ್ರೆ. ಜೀವ ಉಳಿಯಿತು. ಆದರೆ ಇವತ್ತಿಗೂ ನನ್ನ ಉಮ್ಮನನ್ನು, ಅಂದರೆ ಸ್ವಂತ ತಂಗಿಯನ್ನು, ಒಮ್ಮೊಮ್ಮೆ "ನೀನು ಯಾರ ಮಗಳು?" ಎಂದು ಕೇಳುತ್ತಾರೆ. ದಾರಿಯ ಕಲ್ಲುಮುಳ್ಳು ಸರಿಸುವುದು ಪುಣ್ಯದ ಕೆಲಸ ಎಂದು ಅದೇ ಮದರಸದಲ್ಲಿ ಕಲಿತವರು ನಾವು. ಅದರ ಮುಂದೆಯೇ ಒಂದು ಕಲ್ಲು ತಂದಿಟ್ಟೆವು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಅಜ್ಜಿಯ ಹೆದ್ದಾರಿಯಲ್ಲಿ ಕೋಡ್ ಇತ್ತು, ಅವರ ಪರ ಕೇಳುವವರು ಇರಲಿಲ್ಲ. ನಮ್ಮೂರಿನಲ್ಲಿ ಕೋಡ್ ಗೊತ್ತಿದ್ದವನೇ ಇದ್ದ, ಮಾತಾಡಲಿಲ್ಲ. ಎಂಜಿನಿಯರರ ಸಂಘಗಳ ಕೆಲಸ ಪುಸ್ತಕ ಅಚ್ಚು ಹಾಕುವಲ್ಲಿಗೆ ಮುಗಿಯುವುದಿಲ್ಲ. ಆ ಪುಸ್ತಕ ಪಂಚಾಯತ್ ಕಟ್ಟೆಗೆ, ಮಸೀದಿಯ ಅಂಗಳಕ್ಕೆ ಬರುವವರೆಗೂ ಅದು ಅರ್ಧ ಕೆಲಸ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದೇ ವರ್ಷ ಅತಿ ಹೆಚ್ಚು ಅಪಘಾತ ನಡೆದದ್ದು ಆ ಅಜ್ಜಿಯ ತಮಿಳುನಾಡಿನಲ್ಲಿ, 64,105. ಇವೆಲ್ಲ ಚಾಲಕರ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮು ಹಾಗೆ ಹೇಳುವುದಿಲ್ಲ. ನಿಗದಿಯಾದ ಮಾನದಂಡ ಮೀರಿ ರಸ್ತೆ ಮಾಡಿ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ, ಗುತ್ತಿಗೆದಾರ, ಸಲಹೆಗಾರ, ಅಧಿಕಾರಿ ಯಾರೇ ಇರಲಿ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಮಾನದಂಡ ಏನೆಂದೇ ಗೊತ್ತಿಲ್ಲದ ಊರಿನವರು ಯಾವ ಬಾಯಲ್ಲಿ ಪ್ರಶ್ನೆ ಕೇಳಬೇಕು?

"ಈ ಸಂಘಗಳೆಲ್ಲ ನಿವೃತ್ತರ ಕ್ಲಬ್ಬು, ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಶಾಲು, ಊಟ" ಎಂದು ನನ್ನ ಗೆಳೆಯರು ನಗುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ನಾನೂ ಅಂಥ ಊಟ ಮಾಡಿದ್ದೇನೆ. ಕೋಡ್‌ಗಳು ಇಂಗ್ಲಿಷಿನಲ್ಲಿವೆ, ದುಡ್ಡು ಕೊಟ್ಟು ಕೊಳ್ಳಬೇಕು, ಇದೂ ನಿಜ. ಆದರೆ ಯುವಕರು ಸೇರದಿದ್ದರೆ ಅದು ನಿವೃತ್ತರ ಕ್ಲಬ್ಬೇ ಆಗಿ ಉಳಿಯುತ್ತದೆ. ಆಗ ಸಮಿತಿಯಲ್ಲಿ ಕೂತು "ನಡೆಯುವವಳ ಗತಿ ಏನು?" ಎಂದು ಕೇಳುವವರು ಯಾರು?

ನಮ್ಮವರಿಗೆ ಇದರ ಬೆಲೆ ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ. ಸೌದಿಯಲ್ಲಿರುವ ನಮ್ಮ ಎಂಜಿನಿಯರ್ ಹುಡುಗರನ್ನು ಕೇಳಿ. ಅಲ್ಲಿನ ಎಂಜಿನಿಯರರ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದಿದ್ದರೆ ಎಂಜಿನಿಯರ್ ಎಂಬ ಹೆಸರಿನಲ್ಲಿ ಇಕಾಮಾ ನವೀಕರಣವಾಗದು. ಅಲ್ಲಿ ಓಡಿ ಹೋಗಿ ನೋಂದಾಯಿಸುತ್ತೇವೆ. ಇಲ್ಲಿ ವೈದ್ಯರಿಗೆ, ವಕೀಲರಿಗೆ, ಆರ್ಕಿಟೆಕ್ಟ್‌ಗಳಿಗೆ ಇರುವಂಥ ನೋಂದಣಿ ಕಾನೂನು ದೇಶಮಟ್ಟದಲ್ಲಿ ಎಂಜಿನಿಯರರಿಗಿಲ್ಲ. ಹಾಗಾಗಿ ಇಲ್ಲಿ ಸಂಘ ಸೇರುವುದು ನಮ್ಮ ಮನಸ್ಸಿಗೆ ಬಿಟ್ಟದ್ದು. ಬಲವಂತ ಇಲ್ಲದ ಕಾರಣಕ್ಕೇ ಅದು ನಮ್ಮ ಹೊಣೆ.

ಮಕ್ಕಳನ್ನು ಸಿವಿಲ್ ಓದಿಸುತ್ತಿರುವ ತಂದೆ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಓದುವಾಗಲೇ ಅವರನ್ನು ಇಂಥ ಸಂಘಗಳಿಗೆ ವಿದ್ಯಾರ್ಥಿ ಸದಸ್ಯರಾಗಿ ಸೇರಿಸಿ, ಹೆಣ್ಣುಮಕ್ಕಳನ್ನೂ ಸೇರಿಸಿ. ಕಮಿಟಿ, ಒಕ್ಕೂಟಗಳಿಗೆ ನಮ್ಮಲ್ಲೇನೂ ಬರಗಾಲವಿಲ್ಲ. ಸ್ಕಾಲರ್‌ಶಿಪ್ ಕೊಡುವ ನಮ್ಮ ಸಂಸ್ಥೆಗಳು ಆ ಹುಡುಗರಿಂದ ಒಂದು ಕೆಲಸ ಕೇಳಲಿ: ವರ್ಷಕ್ಕೆ ಒಮ್ಮೆ ತಮ್ಮ ಊರಿನ ಶಾಲೆ, ಮದರಸ, ಆಸ್ಪತ್ರೆ ಮುಂದಿನ ರಸ್ತೆ ಅಳೆದು, ಕೋಡ್ ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯತ್‌ಗೆ ಕೊಡಲಿ. ಮನೆಯ ಹಿರಿಯರಿಗೆ ಅದನ್ನೇ ಬ್ಯಾರಿಯಲ್ಲಿ ಓದಿ ಹೇಳಲಿ.

ಮಾಮ ಬಿದ್ದ ವಾರದಲ್ಲೇ ನಮ್ಮ ಹಂಪ್ಸ್ ಒಡೆದೆವು. ಆಮೇಲೆ ಪಂಚಾಯತ್‌ನವರೊಂದಿಗೆ ಕೂತು, ಅಳತೆ ಪ್ರಕಾರ ಅಗಲದ ಉಬ್ಬು ಮಾಡಿ, ಬೋರ್ಡ್ ನೆಟ್ಟೆವು. ಉಸ್ತಾದರು ಟೇಪ್‌ನ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು. ಆ ಟೇಪನ್ನು ಎರಡು ತಿಂಗಳು ಮೊದಲೇ ಹಿಡಿಯಬೇಕಿತ್ತು.