ಯಂತ್ರ ಒಬ್ಬರದು, ತಂತ್ರಾಂಶ ಇನ್ನೊಬ್ಬರದು

ವಿಜ್ಞಾನ ವಿಭಾಗದ ಗೆಳೆಯರ ಬಾಯಲ್ಲಿ ಈಗೀಗ 'ಹ್ಯಾಕಿಂಟಾಷ್' ಎಂಬ ಮಾತು ಕೇಳಿಬರುತ್ತಿದೆ. ಆಪಲ್ ಕಂಪನಿಯ ಮ್ಯಾಕ್ ಓಎಸ್ ಅನ್ನು ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ ಓಡಿಸುವುದಕ್ಕೆ ಈ ಹೆಸರು. ಮ್ಯಾಕ್ ಕೊಳ್ಳುವಷ್ಟು ಹಣ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇಲ್ಲ. ಹಾಗಾಗಿ ಆಸೆ ಸಹಜ. ಆದರೂ ಆ ದಾರಿ ಬೇಡ ಎಂಬುದು ನನ್ನ ಅಭಿಪ್ರಾಯ.

ಒಬ್ಬರು ಮಾಡಿದ ಯಂತ್ರದಲ್ಲಿ ಇನ್ನೊಬ್ಬರ ತಂತ್ರಾಂಶ ಓಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಂಪ್ಯೂಟರ್ ನಮ್ಮಂಥವರ ಕೈಗೆ ಬಂದದ್ದೇ ಅದರಿಂದ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಮರುವರ್ಷವೇ ಕಾಂಪ್ಯಾಕ್ ಕಂಪನಿ ಅದೇ ತಂತ್ರಾಂಶಗಳು ಓಡುವ ತನ್ನದೇ ಯಂತ್ರವನ್ನು ಪ್ರಕಟಿಸಿತು. ಡಾಸ್ ಅನ್ನು ಬೇರೆಯವರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ಉಳಿಸಿಕೊಂಡಿತ್ತು. ಪೈಪೋಟಿ ಬೆಳೆಯಿತು, ಬೆಲೆ ಇಳಿಯಿತು.

ಆಪಲ್ ಕಂಪನಿಯದು ಬೇರೆ ಹಾದಿ. 1995ರಲ್ಲಿ ಇತರ ಕಂಪನಿಗಳಿಗೆ ಮ್ಯಾಕ್ ಮಾದರಿಯ ಯಂತ್ರ ಮಾಡಲು ಅನುಮತಿ ಕೊಟ್ಟಿತ್ತು. 1997ರಲ್ಲಿ ಸ್ಟೀವ್ ಜಾಬ್ಸ್ ಮರಳಿ ಬಂದಾಗ ಅದು ನಿಂತುಹೋಯಿತು. 2006ರಿಂದ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಬಂದದ್ದರಿಂದ ಸಾಮಾನ್ಯ ಪಿಸಿಯಲ್ಲೂ ಮ್ಯಾಕ್ ಓಎಸ್ ಓಡಿಸುವುದು ಸಾಧ್ಯವಾಯಿತು. 2008ರಲ್ಲಿ ಸೈಸ್ಟಾರ್ ಎಂಬ ಅಮೆರಿಕದ ಕಂಪನಿ ಅಂಥ ಪಿಸಿಗಳನ್ನು ಮಾರತೊಡಗಿತು. ಆಪಲ್ ಮೊಕದ್ದಮೆ ಹೂಡಿ 2009ರಲ್ಲಿ ಗೆದ್ದಿತು. ಆಪಲ್ ಯಂತ್ರದಲ್ಲಿ ಮಾತ್ರ ಬಳಸಬೇಕೆಂದು ಅದರ ಪರವಾನಗಿಯೇ ಹೇಳುತ್ತದೆ.

"ನಾವೇನು ಮಾರುತ್ತೇವಾ? ಯಾರಿಗೆ ಗೊತ್ತಾಗುತ್ತದೆ?" ಎಂದು ಕೆಲವರು ಕೇಳುತ್ತಾರೆ. 'ಒಪ್ಪಿದ್ದೇನೆ' ಎಂದು ಒತ್ತಿದ ಮೇಲೆ ಅದು ನಾವು ಕೊಟ್ಟ ಮಾತು. ಯಾರೂ ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ಮಾತು ಮುರಿಯಬಾರದು. ಮೇಲಾಗಿ ಆ ದಾರಿ ಮುಚ್ಚುತ್ತಲೂ ಇದೆ. 2020ರಿಂದ ಆಪಲ್ ತನ್ನದೇ ಚಿಪ್‌ಗೆ ಬದಲಾಯಿತು. ಇಂಟೆಲ್ ಯಂತ್ರಗಳಿಗೆ ಮ್ಯಾಕ್ ಓಎಸ್ 26 ಕೊನೆಯದು ಎಂದು ಈಗಾಗಲೇ ಘೋಷಿಸಿದೆ.

ನೇರವಾದ ದಾರಿ ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತನ್ನ ಪಿಸಿಯಲ್ಲಿ ಶುರುಮಾಡಿದ ಕೆಲಸವದು. ಯಾವ ಕಂಪನಿಯ ಯಂತ್ರಕ್ಕೆ ಬೇಕಾದರೂ ಹಾಕಿಕೊಳ್ಳಬಹುದು, ಗೆಳೆಯರಿಗೂ ಹಂಚಬಹುದು. ಪರವಾನಗಿಯೇ ಅದಕ್ಕೆ ಒಪ್ಪಿಗೆ ಕೊಡುತ್ತದೆ.

ಈ ಮಾತು ನಮ್ಮ ಲ್ಯಾಬಿಗೂ ಸಲ್ಲುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಅವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡೋಣ. ಸಿ++, ಪೈಥಾನ್, ಕನ್ನಡ ಟೈಪಿಂಗ್ ಎಲ್ಲವೂ ಅದರಲ್ಲಿ ನಡೆಯುತ್ತವೆ. ವಾಣಿಜ್ಯ ವಿಭಾಗದವರ ಟ್ಯಾಲಿಗೆ ವಿಂಡೋಸ್ ಬೇಕು, ಅದು ನಿಜ. ಅವರಿಗಾಗಿ ಕೆಲವು ಯಂತ್ರಗಳನ್ನು ಹಾಗೆಯೇ ಇಡಬಹುದು.

ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಲು ಬರುತ್ತದೆ. ಪ್ರಾಂಶುಪಾಲರೂ ಕಂಪ್ಯೂಟರ್ ಉಪನ್ಯಾಸಕರೂ ಒಂದು ಶನಿವಾರ ಮಧ್ಯಾಹ್ನ ಎರಡು ಯಂತ್ರಗಳಲ್ಲಿ ಇದಕ್ಕೆ ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ. ಪೆನ್‌ಡ್ರೈವ್ ಸಿದ್ಧಪಡಿಸುವ ಕೆಲಸ ವಿದ್ಯಾರ್ಥಿಗಳಾದ ನಮಗಿರಲಿ.