ಹಂದಿಯ ಭಾಷಣವನ್ನು ಓದಲು ಬಿಡಬೇಕು

ಅಮೆರಿಕದ ಹೈಸ್ಕೂಲುಗಳ ಇಂಗ್ಲಿಷ್ ತರಗತಿಗಳಲ್ಲಿ ‘ರೆಟರಿಕಲ್ ಅನಾಲಿಸಿಸ್’ ಎಂಬ ಅಭ್ಯಾಸವಿದೆ. ಒಂದು ಭಾಷಣವನ್ನೋ ಪತ್ರವನ್ನೋ ಮುಂದಿಟ್ಟುಕೊಂಡು, ಆಡಿದವರು ಯಾರು, ಕೇಳುತ್ತಿರುವವರು ಯಾರು, ಏನನ್ನು ಸಾಧಿಸಲು ಈ ಮಾತು, ಅದಕ್ಕೆ ಯಾವ ವರಸೆ ಹೂಡಲಾಗಿದೆ ಎಂಬುದನ್ನು ವಿದ್ಯಾರ್ಥಿ ಬಿಡಿಸಿ ತೋರಿಸಬೇಕು. ಕಾಲೇಜ್ ಬೋರ್ಡ್ ನಡೆಸುವ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಪರೀಕ್ಷೆಯ ಮೂರು ಪ್ರಬಂಧಗಳಲ್ಲಿ ಒಂದು ಇದಕ್ಕೇ ಮೀಸಲು. ಈ ವಿದ್ಯೆಗೆ ಕೈ ಪಳಗಿಸಲು ಎಷ್ಟೋ ಶಿಕ್ಷಕರು ಆರಿಸಿಕೊಳ್ಳುವುದು ಡಿಸ್ಟೋಪಿಯನ್ ಕಾದಂಬರಿಗಳನ್ನು, ಅಂದರೆ ಕೆಟ್ಟುಹೋದ ಸಮಾಜವೊಂದನ್ನು ಕಲ್ಪಿಸಿಕೊಂಡು ಬರೆದ ಕೃತಿಗಳನ್ನು: ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಮತ್ತು ‘1984’, ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’, ಮಾರ್ಗರೆಟ್ ಆ್ಯಟ್‌ವುಡ್‌ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’. ಈ ಸಾಲಿನ ಪುಸ್ತಕಗಳು ಕೆಲವು ವರ್ಷಗಳಿಂದ ಅಮೆರಿಕ, ಕೆನಡಾಗಳ ಶಾಲಾ ಗ್ರಂಥಾಲಯಗಳಿಂದ ಹೊರಬೀಳುತ್ತಿವೆ. ಹಾಗೆ ಹೊರಹಾಕುವುದು ತಪ್ಪು. ಅಭಿವ್ಯಕ್ತಿ ಸ್ವಾತಂತ್ರ್ಯದ ವಾದ ಎಲ್ಲರಿಗೂ ಗೊತ್ತಿರುವಂಥದು. ಅದಕ್ಕಿಂತ ಕಡಿಮೆ ಚರ್ಚೆಯಾಗಿರುವುದು ಓದಿನ ಪ್ರಶ್ನೆ. ಪುಸ್ತಕ ತೆಗೆಯಲು ಬಳಸುತ್ತಿರುವ ನಿಯಮವು, ತರಗತಿಯಲ್ಲಿ ಕಲಿಸುವ ಓದನ್ನೇ ತಲೆಕೆಳಗು ಮಾಡುತ್ತದೆ.

1945ರ ‘ಅನಿಮಲ್ ಫಾರ್ಮ್’ನ ಒಂದು ಚಿಕ್ಕ ಭಾಷಣವನ್ನು ನೋಡಬಹುದು. ಪ್ರಾಣಿಗಳು ದಂಗೆಯೆದ್ದು ತಮ್ಮ ಯಜಮಾನ ಜೋನ್ಸ್‌ನನ್ನು ಓಡಿಸಿದ ಮೇಲೆ ಹಾಲು, ಉದುರಿದ ಸೇಬು ಎರಡೂ ಹಂದಿಗಳ ಪಾಲಾಗುತ್ತವೆ. ಉಳಿದ ಪ್ರಾಣಿಗಳು ಗೊಣಗಿದಾಗ ಸಮಾಧಾನ ಹೇಳಲು ಬರುವವನು ಸ್ಕ್ವೀಲರ್ ಎಂಬ ಹಂದಿ. ಎಷ್ಟೋ ಹಂದಿಗಳಿಗೆ ಹಾಲು, ಸೇಬು ಸೇರುವುದೇ ಇಲ್ಲ, ತನಗೂ ಸೇರದು ಎನ್ನುತ್ತಾನೆ. ಅಲ್ಲಿಗೆ ಭೋಗ ತ್ಯಾಗವಾಯಿತು. ಇವು ಹಂದಿಯ ಆರೋಗ್ಯಕ್ಕೆ ಅಗತ್ಯವೆಂದು ವಿಜ್ಞಾನ ಸಾಬೀತು ಮಾಡಿದೆ ಎನ್ನುತ್ತಾನೆ. ಯಾವ ವಿಜ್ಞಾನ, ಯಾರು ಮಾಡಿದ್ದು ಎಂದು ಯಾರೂ ಕೇಳುವುದಿಲ್ಲ. ತಲೆಯಿಂದ ದುಡಿಯುವ ತಾವು ಹಗಲಿರುಳು ಎಲ್ಲರ ಒಳಿತಿಗಾಗಿಯೇ ದುಡಿಯುತ್ತಿರುವುದಾಗಿ ಹೇಳಿ, ತಾವು ಎಡವಿದರೆ ಜೋನ್ಸ್ ಮರಳಿ ಬರುತ್ತಾನೆ ಎಂದು ಹೆದರಿಸುತ್ತಾನೆ. ಜೋನ್ಸ್ ಬರಲೆಂದು ಬಯಸುವವರು ಯಾರಾದರೂ ಇದ್ದೀರಾ ಎಂಬುದು ಕೊನೆಯ ಪ್ರಶ್ನೆ. ಬಯಸುವವರು ಯಾರೂ ಇಲ್ಲದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ಕೇಳಿದ್ದು ಹಾಲು ಎಲ್ಲಿ ಹೋಯಿತು ಎಂದು. ಉತ್ತರ ಬಂದದ್ದು ಶತ್ರು ಬರಬೇಕೇ ಎಂಬ ಪ್ರಶ್ನೆಯಾಗಿ.

ಚುರುಕಾದ ವಿದ್ಯಾರ್ಥಿ ಇಲ್ಲಿಂದ ಹಿಂದಿನ ಅಧ್ಯಾಯಕ್ಕೆ ಪುಟ ತಿರುವುತ್ತಾನೆ. ಜೋನ್ಸ್ ಒಮ್ಮೊಮ್ಮೆ ತಮ್ಮ ಮೇವಿಗೆ ಒಂದಿಷ್ಟು ಹಾಲು ಬೆರೆಸುತ್ತಿದ್ದ ಎಂದು ಕೋಳಿಯೊಂದು ಅಲ್ಲಿ ನೆನಪಿಸಿಕೊಂಡಿದೆ. ಹಾಲಿನ ಮಟ್ಟಿಗೆ ಹೇಳುವುದಾದರೆ, ಕ್ರಾಂತಿಯ ನಂತರ ಕೋಳಿಗಳು ಇದ್ದದ್ದನ್ನೂ ಕಳೆದುಕೊಂಡಿವೆ. ಸ್ಕ್ವೀಲರ್‌ನ ಬೆದರಿಕೆಯನ್ನು ಒಡೆಯಬಲ್ಲ ಈ ಸಾಕ್ಷ್ಯವನ್ನು ಆರ್ವೆಲ್ ಮೊದಲೇ ಇಟ್ಟಿದ್ದಾನೆ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ಓದುಗನದು. ಕಥೆ ತಿರುವು ಪಡೆಯುವುದು ಈ ಹಾಲು–ಸೇಬಿನ ಪ್ರಸಂಗದಲ್ಲೇ ಎಂದು ಆರ್ವೆಲ್ 1946ರಲ್ಲಿ ಅಮೆರಿಕದ ವಿಮರ್ಶಕ ಡ್ವೈಟ್ ಮೆಕ್‌ಡೊನಾಲ್ಡ್‌ಗೆ ಪತ್ರವನ್ನೂ ಬರೆದಿದ್ದ.

ಇದೇ ಅಭ್ಯಾಸವನ್ನು ನಿಜವಾದ ಭಾಷಣಗಳ ಮೇಲೆ ಮಾಡಿಸಿದರೆ ಸಾಲದೇ ಎಂಬ ಆಕ್ಷೇಪವಿದೆ. ಅಮೆರಿಕದಲ್ಲಿ 2010ರಲ್ಲಿ ಬಂದ ‘ಕಾಮನ್ ಕೋರ್’ ಮಾನದಂಡಗಳು, ಹನ್ನೆರಡನೇ ತರಗತಿಯ ಹೊತ್ತಿಗೆ ಎಲ್ಲ ವಿಷಯಗಳೂ ಸೇರಿ ಓದಿನಲ್ಲಿ ಶೇ 70ರಷ್ಟು ಮಾಹಿತಿಪರ ಬರಹ ಇರಬೇಕೆಂದವು. ಇಂಗ್ಲಿಷ್ ತರಗತಿಯ ಕಾದಂಬರಿಗೆ ಅದರಿಂದ ಜಾಗ ಕಡಿಮೆಯಾಯಿತೆಂಬ ದೂರು ಅಂದಿನಿಂದಲೂ ಇದೆ. ನಿಜವಾದ ಭಾಷಣಗಳು ಬೇಕು, ಸಂದೇಹವಿಲ್ಲ. ಆದರೆ ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತನ್ನು ಮಗು ಮೆಚ್ಚಲೆಂದೇ ಓದುತ್ತದೆ, ಹಿಟ್ಲರನ ಮಾತನ್ನು ತಿರಸ್ಕರಿಸಲೆಂದೇ ಓದುತ್ತದೆ. ತೀರ್ಪು ಮೊದಲೇ ಆಗಿಬಿಟ್ಟಿರುತ್ತದೆ. ಕಾದಂಬರಿಯಲ್ಲಿ ಭಾಷಣದ ಜೊತೆಗೆ ಅದನ್ನು ಕೇಳುವವರೂ, ಅದರ ಫಲವೂ ಇರುತ್ತವೆ. ಓದುಗ ತಾನೇ ಮೊದಲು ಅರ್ಧ ಒಪ್ಪಿಕೊಂಡು, ಮುಂದಿನ ಪುಟಗಳಲ್ಲಿ ಅದರ ಬೆಲೆ ತಿಳಿಯುತ್ತಾನೆ.

ಈ ದೃಷ್ಟಿಯಿಂದ ‘ಫ್ಯಾರನ್‌ಹೀಟ್ 451’ಕ್ಕೆ ಸಮನಾದ ಪಠ್ಯ ಸಿಗುವುದು ಕಷ್ಟ. 1953ರ ಈ ಕೃತಿಯಲ್ಲಿ ಪುಸ್ತಕ ಸುಡುವ ದಳದ ಮುಖ್ಯಸ್ಥ ಬೀಟಿ, ಹಾಸಿಗೆ ಹಿಡಿದಿರುವ, ತನ್ನದೇ ದಳದ ಮಾಂಟಾಗ್‌ನ ಮನೆಗೆ ಬಂದು ಸುದೀರ್ಘವಾಗಿ ಮಾತಾಡುತ್ತಾನೆ. ಸುಡುವುದು ಸರ್ಕಾರ ಹೇರಿದ ಶಿಕ್ಷೆಯಾಗಿ ಶುರುವಾಗಲಿಲ್ಲ; ಜನರೇ ಚಿಕ್ಕದನ್ನು, ಸುಲಭವಾದುದನ್ನು ಬಯಸಿದರು, ಒಂದೊಂದು ಗುಂಪಿಗೂ ನೋವಾಗದಂತೆ ಒಂದೊಂದನ್ನೇ ಅಳಿಸುತ್ತ ಹೋಗಲಾಯಿತು ಎಂಬುದು ಅವನ ವಾದ. ಕಾದಂಬರಿಯ ಅತಿ ಸಮರ್ಥ ಭಾಷಣ ಖಳನ ಬಾಯಲ್ಲಿದೆ, ಅದರಲ್ಲಿ ನಿಜವೂ ಇದೆ. ಎಲ್ಲಿಯವರೆಗೆ ನಿಜ, ಎಲ್ಲಿಂದ ಮೋಸ ಎಂದು ಗೆರೆ ಎಳೆಯುವ ಕೆಲಸ ಹದಿನಾರರ ವಯಸ್ಸಿಗೆ ತಕ್ಕ ಸವಾಲು. ಈ ಕೃತಿಗೇ ಆದ ಗತಿಯನ್ನೂ ಹೇಳಬೇಕು. ಬ್ಯಾಲಂಟೈನ್ ಪ್ರಕಾಶನ 1967ರಲ್ಲಿ ಹೈಸ್ಕೂಲುಗಳಿಗೆಂದು ತಂದ ಆವೃತ್ತಿಯಲ್ಲಿ ಬೈಗುಳ, ಕುಡಿತದಂಥವಿದ್ದ ಸುಮಾರು 75 ಕಡೆ ಕತ್ತರಿ ಆಡಿಸಿತ್ತು. ಲೇಖಕನಿಗೆ ವಿಷಯ ತಿಳಿದದ್ದು ವರ್ಷಗಳ ಮೇಲೆ, ಅದೂ ವಿದ್ಯಾರ್ಥಿಗಳ ಪತ್ರಗಳಿಂದ. ಎಚ್ಚರದಿಂದ ಓದಿದ್ದ ಮಕ್ಕಳಿಂದಾಗಿ ಮೂಲಪಾಠ ಮರಳಿ ಬಂತು.

ಈಗಿನ ನಿಯಮಗಳು ಈ ಎಚ್ಚರಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಅಯೋವಾ ರಾಜ್ಯ 2023ರ ಮೇ ತಿಂಗಳಲ್ಲಿ ತಂದ ಕಾನೂನು, ಲೈಂಗಿಕ ಕ್ರಿಯೆಯ ವರ್ಣನೆ ಇರುವ ಪುಸ್ತಕ ಶಾಲಾ ಗ್ರಂಥಾಲಯದಲ್ಲಿ ಇರಕೂಡದು ಎನ್ನುತ್ತದೆ. ಮೇಸನ್ ಸಿಟಿಯ ಶಾಲಾ ಆಡಳಿತ, ಪ್ರತಿ ಪುಸ್ತಕವನ್ನೂ ಓದಿ ನೋಡುವುದು ಆಗದ ಮಾತೆಂದು, ಆಕ್ಷೇಪವಿದ್ದ ಪುಸ್ತಕಗಳ ಪಟ್ಟಿಯಲ್ಲಿ ಒಂದೊಂದರ ಬಗ್ಗೆಯೂ ಅಂಥ ವರ್ಣನೆ ಇದೆಯೇ ಎಂದು ಚಾಟ್‌ಜಿಪಿಟಿಯನ್ನು ಕೇಳಿತು. 19 ಪುಸ್ತಕಗಳು ಕಪಾಟಿನಿಂದ ಇಳಿದವು. ‘ಹ್ಯಾಂಡ್‌ಮೇಡ್ಸ್ ಟೇಲ್’ ಅವುಗಳಲ್ಲೊಂದು. ಆ ಕಾದಂಬರಿಯಲ್ಲಿ ಪ್ರಭುತ್ವ ಹೆಣ್ಣಿನ ದೇಹವನ್ನು ಧರ್ಮಗ್ರಂಥದ ಹೆಸರು ಹೇಳಿ ವಶಪಡಿಸಿಕೊಳ್ಳುವ ವಿಧಿಯ ಚಿತ್ರಣವಿದೆ. ಅದು ಓದುಗರಲ್ಲಿ ಹೇಸಿಗೆ ಹುಟ್ಟಿಸಲು ಬರೆದ ಭಾಗ. ಯಾರು, ಯಾರಿಗೆ, ಏಕೆ ಹೇಳುತ್ತಿದ್ದಾರೆ ಎಂದು ಕೇಳದೆ ‘ಇದೆಯೇ, ಇಲ್ಲವೇ’ ಎಂದಷ್ಟೇ ಕೇಳುವ ಕಾನೂನಿಗೆ ಈ ಚಿತ್ರಣಕ್ಕೂ ಅಶ್ಲೀಲ ಬರಹಕ್ಕೂ ವ್ಯತ್ಯಾಸ ಕಾಣದು. ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದ ಹುಡುಗನಿಗೆ ಒಂದು ಅಂಕವೂ ಸಿಗುವುದಿಲ್ಲ. ಯೂಟಾ ರಾಜ್ಯದಲ್ಲಿ 2024ರ ಆಗಸ್ಟ್‌ನಲ್ಲಿ ಇಡೀ ರಾಜ್ಯಕ್ಕೆ ಅನ್ವಯವಾಗುವಂತೆ ನಿಷೇಧಿಸಿದ 13 ಪುಸ್ತಕಗಳಲ್ಲಿ ಆ್ಯಟ್‌ವುಡ್‌ರ ಇನ್ನೊಂದು ಡಿಸ್ಟೋಪಿಯಾ ‘ಓರಿಕ್ಸ್ ಆ್ಯಂಡ್ ಕ್ರೇಕ್’ ಸೇರಿತ್ತು.

ತಂದೆತಾಯಿಯರ ಕಳವಳವನ್ನು ಹಗುರವಾಗಿ ಕಾಣಬಾರದು. ಹನ್ನೊಂದರ ಮಗುವಿಗೂ ಹದಿನೇಳರ ಯುವಕನಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ತಮ್ಮ ಮಗುವಿಗೆ ಬೇರೆ ಪುಸ್ತಕ ಕೊಡಿ ಎಂದು ಕೇಳುವ ಹಕ್ಕು ಅವರಿಗೆ ಇರಲೇಬೇಕು. ಒಬ್ಬರ ಮಗುವಿಗೆ ಬೇಡವಾದದ್ದು ಊರಿನ ಯಾವ ಮಗುವಿಗೂ ಸಿಗಬಾರದು ಎಂಬಲ್ಲಿಗೆ ಆ ಹಕ್ಕು ಮುಗಿಯುತ್ತದೆ.

ದೋಷ ತರಗತಿಗಳಲ್ಲೂ ಇದೆ. ಅರಿಸ್ಟಾಟಲ್‌ನ ಎಥೋಸ್ (ಮಾತಾಡುವವನ ವಿಶ್ವಾಸಾರ್ಹತೆ), ಪೇಥೋಸ್ (ಭಾವನೆ), ಲೋಗೋಸ್ (ತರ್ಕ) ಎಂಬ ಮೂರು ಹೆಸರುಗಳನ್ನು ವಾಕ್ಯವಾಕ್ಯಕ್ಕೂ ಅಂಟಿಸುವುದನ್ನೇ ವಿಶ್ಲೇಷಣೆಯೆಂದು ಕಲಿಸುವವರು ಕಡಿಮೆಯಿಲ್ಲ. ಸ್ಕ್ವೀಲರ್ ‘ಲೋಗೋಸ್’ ಬಳಸಿದ್ದಾನೆ ಎಂದು ಬರೆದು ಮುಂದೆ ಹೋದ ವಿದ್ಯಾರ್ಥಿಗೆ ಹಾಲು ಯಾರ ಹೊಟ್ಟೆ ಸೇರಿತು ಎಂಬುದು ಹೊಳೆದಿರುವುದಿಲ್ಲ. ‘ಹ್ಯಾಂಡ್‌ಮೇಡ್ಸ್ ಟೇಲ್’ನ ಕಡೆಯ ಭಾಗ ಈ ಬಗೆಯ ಓದನ್ನೇ ಪರೀಕ್ಷೆಗೆ ಒಡ್ಡುತ್ತದೆ. ಅದು 2195ರ ಒಂದು ವಿದ್ವತ್ ಗೋಷ್ಠಿ. ಪ್ರೊಫೆಸರರೊಬ್ಬರು ಕಾದಂಬರಿಯನ್ನು ನಿರೂಪಿಸಿದ ಹೆಣ್ಣಿನ ಕಥನದ ಪ್ರಾಮಾಣ್ಯವನ್ನು ಚರ್ಚಿಸುತ್ತ, ನಡುನಡುವೆ ನಗೆಮಾತು ಹಾರಿಸುತ್ತ, ಹಳೆಯ ಆಳ್ವಿಕೆಯ ಬಗ್ಗೆ ನೈತಿಕ ತೀರ್ಪು ಕೊಡಲು ಅವಸರಪಡಬಾರದೆಂದು ಸಭೆಗೆ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅವರ ವಿಶ್ಲೇಷಣೆ ಅಚ್ಚುಕಟ್ಟಾಗಿದೆ. ಹೇಳಿದವಳ ಸಂಕಟ ಅದರಲ್ಲಿ ಎಲ್ಲಿಯೂ ಇಲ್ಲ. ಆಕೆಯ ಕಥೆಯನ್ನು ಅಷ್ಟು ಪುಟ ಓದಿ ಬಂದ ವಿದ್ಯಾರ್ಥಿಗೆ ಆ ಚಪ್ಪಾಳೆ ಕಸಿವಿಸಿ ಮಾಡಬೇಕು. ಅದು ಆಗಬೇಕಾದರೆ ಇಡೀ ಪುಸ್ತಕ ಅವನ ಕೈಯಲ್ಲಿರಬೇಕು. ಆಯ್ದ ಎರಡು ಪುಟಗಳ ಜೆರಾಕ್ಸಿನಿಂದ ಆಗದು.

ಕೆನಡಾದ ಆಲ್ಬರ್ಟಾದಲ್ಲಿ 2025ರಲ್ಲಿ ಸರ್ಕಾರದ ಆದೇಶದಂತೆ ಎಡ್ಮಂಟನ್ನಿನ ಸಾರ್ವಜನಿಕ ಶಾಲೆಗಳು ತೆಗೆದುಹಾಕಬೇಕಾದ 200ಕ್ಕೂ ಹೆಚ್ಚು ಪುಸ್ತಕಗಳ ಪಟ್ಟಿ ಮಾಡಿದವು. ‘ಹ್ಯಾಂಡ್‌ಮೇಡ್ಸ್ ಟೇಲ್’ ಅಲ್ಲಿಯೂ ಇತ್ತು. ಆ್ಯಟ್‌ವುಡ್ ಪ್ರತಿಭಟಿಸಿ ಒಂದು ಪುಟ್ಟ ಕಥೆ ಬರೆದರು. ಗದ್ದಲವೆದ್ದ ಮೇಲೆ ಸರ್ಕಾರ ಆದೇಶವನ್ನು ತಡೆಹಿಡಿದು, ಚಿತ್ರರೂಪದ ಲೈಂಗಿಕ ದೃಶ್ಯಗಳಿಗೆ ಮಾತ್ರ ಅನ್ವಯವಾಗುವಂತೆ ತಿದ್ದಿತು. ಮಂತ್ರಿಯ ಆದೇಶ, ಶಾಲೆಗಳ ಪಟ್ಟಿ, ಲೇಖಕಿಯ ಕಥೆ, ತಿದ್ದಿದ ಆದೇಶ: ನಾಲ್ಕೂ ಸಾರ್ವಜನಿಕವಾಗಿ ಸಿಗುವ ಬರಹಗಳು. ಹನ್ನೊಂದನೇ ತರಗತಿಯ ಶಿಕ್ಷಕರು ಕಾದಂಬರಿ ಮುಗಿಸಿದ ವಾರವೇ ಇವನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಪ್ರತಿಯೊಂದೂ ಯಾರನ್ನು ಒಪ್ಪಿಸಲು ಹೊರಟಿದೆ, ಯಾವ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿದೆ ಎಂದು ಸ್ಕ್ವೀಲರ್‌ನ ಭಾಷಣವನ್ನು ಬಿಡಿಸಿದ ಕ್ರಮದಲ್ಲೇ ಬಿಡಿಸಲು ಹೇಳಬೇಕು, ಲೇಖಕಿಯ ಕಥೆಗೂ ರಿಯಾಯಿತಿ ತೋರದೆ.