ಲೈನಿನ ಮೇಲೆ ನಿಂತವನು ಯಾರ ನೌಕರ?

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದರೆ ಸಿಗುವ ರಾಂಜಣಗಾಂವ, ಭಕ್ತರಿಗೆ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಊರು. ಕೆಲಸ ಹುಡುಕಿ ಹೋದವರಿಗೆ ಅದು ಎಂಐಡಿಸಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಕೈಗಾರಿಕಾ ವಸಾಹತು. ಫ್ರಿಜ್ಜು, ಟಿವಿ, ಕಾರು ತಯಾರಾಗುವ ಜಾಗ. ಇಂಥ ಕೈಗಾರಿಕಾ ಪ್ರದೇಶಗಳಲ್ಲಿ ಗೇಟು ದಾಟುವವರ ಕೊರಳ ಪಟ್ಟಿಯ ಬಣ್ಣ ಬೇರೆಬೇರೆ ಇರುವುದುಂಟು: ಕಾಯಂನವರದು ಒಂದು, ಗುತ್ತಿಗೆಯವರದು ಇನ್ನೊಂದು. ಒಳಗೆ ಇಬ್ಬರೂ ನಿಲ್ಲುವುದು ಒಂದೇ ಲೈನಿನ ಮೇಲೆ.

ಈ ಎರಡು ಬಣ್ಣ ಕಾನೂನಿನ ಕಣ್ಣಿಗೆ ಸರಿಯಾಗಿ ಕಾಣುವಂತೆ ನೋಡಿಕೊಳ್ಳಲು ಕಂಪನಿಗಳು ಲೇಬರ್ ವಕೀಲರನ್ನು ಇಟ್ಟುಕೊಳ್ಳುತ್ತವೆ. ಪಿಎಫ್ ಚಲನ್, ಇಎಸ್‌ಐ, ಮಸ್ಟರ್ ರೋಲ್, ಗುತ್ತಿಗೆದಾರನ ಲೈಸೆನ್ಸ್ ಎಲ್ಲವೂ ಫೈಲಿನಲ್ಲಿದ್ದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ನನ್ನ ತಕರಾರು ಇರುವುದೇ ಇಲ್ಲಿ. ಶಾಪ್ ಫ್ಲೋರಿಗೆ ಕಾಲಿಡದೆ ಕೊಟ್ಟ ಸಲಹೆ ಕಂಪನಿಯನ್ನೂ ಕಾಯುವುದಿಲ್ಲ.

ಕೋರ್ಟು ಕಾಗದವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲವಲ್ಲ. 2001ರ ಸ್ಟೀಲ್ ಅಥಾರಿಟಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕ ತಾನಾಗಿಯೇ ಕಾಯಂ ಆಗುವುದಿಲ್ಲ ಎಂದಿತು. ಮಾಲೀಕರು ನಿಟ್ಟುಸಿರು ಬಿಟ್ಟರು. ಆದರೆ ಅದೇ ತೀರ್ಪು, ಗುತ್ತಿಗೆ ಬರೀ ತೋರಿಕೆಯದಾಗಿದ್ದರೆ ಆ ಕಾರ್ಮಿಕ ಕಂಪನಿಯವನೇ ಎಂದೂ ಹೇಳಿತ್ತು. 2014ರಲ್ಲಿ ಏರ್ ಇಂಡಿಯಾ ಕ್ಯಾಂಟೀನ್ ನೌಕರರ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೂ ಹೆಸರಿಸಿತು: ನೇಮಿಸಿದವರು ಯಾರು, ಸಂಬಳ ಯಾರದು, ತೆಗೆದುಹಾಕುವ ಅಧಿಕಾರ ಯಾರಿಗೆ, ಹಿಡಿತ ಯಾರ ಕೈಯಲ್ಲಿ? ಇವಕ್ಕೆಲ್ಲ ಉತ್ತರ ಫೈಲಿನಲ್ಲಿ ಸಿಗದು. ರಜೆ ಕೇಳಲು ಹುಡುಗ ಯಾರ ಹತ್ತಿರ ಹೋಗುತ್ತಾನೆ, ತಡವಾಗಿ ಬಂದರೆ ಗದರಿಸುವ ಸೂಪರ್‌ವೈಸರ್ ಯಾವ ಕಂಪನಿಯವನು ಎಂದು ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಕಾಯಂ ಮಾಡದಿರುವ ಉದ್ದೇಶದಿಂದಲೇ ಬದಲಿ, ತಾತ್ಕಾಲಿಕ ಎಂದು ವರ್ಷಗಟ್ಟಲೆ ದುಡಿಸುವುದನ್ನು ಮಹಾರಾಷ್ಟ್ರ 1971ರ ಕಾಯ್ದೆಯಲ್ಲೇ ಅನುಚಿತ ನಡೆ ಎಂದು ಪಟ್ಟಿ ಮಾಡಿದೆ. ಆದರೂ ನಾಲ್ಕು ದಿನ ಬ್ರೇಕ್ ಕೊಟ್ಟು ಮತ್ತೆ ಸೇರಿಸಿಕೊಳ್ಳುವ ಚಾಳಿ ಹೋಗಿಲ್ಲ. ಆ ಬ್ರೇಕಿನ ಯೋಜನೆ ಬರೆದುಕೊಡುವವರೂ ವಕೀಲರೇ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ನಿಗದಿತ ಅವಧಿಯ ನೌಕರನಿಗೆ ಒಂದೇ ವರ್ಷಕ್ಕೆ ಗ್ರ್ಯಾಚುಟಿ ಬಂತು. ಇತ್ತ, ಕಾರ್ಖಾನೆಯಲ್ಲಿ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾಗುವ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿತು. ಮುಖ್ಯ ಉತ್ಪಾದನೆಯ ಕೆಲಸಕ್ಕೆ, ಅಂದರೆ 'ಕೋರ್' ಕೆಲಸಕ್ಕೆ, ಗುತ್ತಿಗೆಯವರನ್ನು ಹಾಕುವಂತಿಲ್ಲ. ಆದರೆ ಆ ಕೆಲಸ ರೂಢಿಯಲ್ಲಿ ಗುತ್ತಿಗೆಯವರಿಂದಲೇ ಆಗುತ್ತಿದ್ದರೆ, ಅಥವಾ ಕೆಲಸ ಇದ್ದಕ್ಕಿದ್ದಂತೆ ಹೆಚ್ಚಿದರೆ, ಪರವಾಗಿಲ್ಲ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಫ್ರಿಜ್ಜಿನ ಬಾಗಿಲು ಜೋಡಿಸುವುದು ಕೋರೋ ಅಲ್ಲವೋ ಎಂದು ವಾದಿಸಿಯೇ ಮುಂದಿನ ಹತ್ತು ವರ್ಷ ಅನೇಕ ವಕೀಲರ ಸಂಸಾರ ಸಾಗುತ್ತದೆ.

ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಆಪಲ್‌ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜು ಸಂಬಳದ ಸಿಟ್ಟಿನಲ್ಲಿದ್ದ ಕಾರ್ಮಿಕರ ಕೈಯಲ್ಲಿ ಪುಡಿಯಾದಾಗ ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾಗಿತ್ತು ಎಂದು ಆಮೇಲೆ ಆಪಲ್ ಕಂಪನಿಯೇ ಹೇಳಿತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ಹೊಸ ಸಂಹಿತೆಯಲ್ಲೂ ಇದೆ. ರಾಂಜಣಗಾಂವದ ವಕೀಲರು ಈ ತಿಂಗಳು ಫೈಲ್ ತರಿಸುವ ಮುಂಚೆ ಗುತ್ತಿಗೆ ಹುಡುಗರ ನಾಲ್ಕು ಪೇ ಸ್ಲಿಪ್ ತರಿಸಲಿ, ಅದರಲ್ಲಿರುವ ಓಟಿ ಗಂಟೆಗಳನ್ನು ಗೇಟಿನ ಪಂಚಿಂಗ್ ಜೊತೆ ತಾಳೆ ನೋಡಲಿ. ಫೀಸಂತೂ ಅಷ್ಟೇ ಬರುತ್ತದೆ.